ಶಟ್ಟೆಪ್ಪ ಕುಳಿತುಕೊಳ್ಳದ ಎಂಟು ದಿನ

ಬೈಲಹೊಂಗಲದಿಂದ ಮೂಡಲಿಗೆ ಎರಡು ಹರದಾರಿ ದೂರದ ಹಳ್ಳಿಯೊಂದರಲ್ಲಿ ಶಟ್ಟೆಪ್ಪನೆಂಬ ನಲವತ್ತು ವರ್ಷದ ಸಾಧು ಮನುಷ್ಯನಿದ್ದ. ಮೂರು ಕೂರಿಗೆ ಎರೆಹೊಲ, ಒಂದು ಜೋಡಿ ಎತ್ತು, ಹೇಳಿದ ಕೆಲಸವನ್ನು ಮರೆತುಬಿಡುವ ಸ್ವಭಾವ, ಇವಿಷ್ಟು ಅವನಿಗೆ ತಂದೆಯಿಂದ ಬಂದ ಆಸ್ತಿ. ಮೊದಲ ಎರಡರಿಂದ ಅವನು ಉಣ್ಣುತ್ತಿದ್ದ. ಮೂರನೆಯದು ಅವನನ್ನು ಊರಿನ ಮುಖಂಡನನ್ನಾಗಿ ಮಾಡಿತು.

ಪ್ಲೇಗು ಬಂದು ಹೋದ ಮೇಲೆ, ಉಳಿದ ಜನ ಹೊಲದ ಗುಡಿಸಲು ಬಿಟ್ಟು ಮನೆ ಸೇರಿದ ವರ್ಷ, ಶಂಕ್ರೆಪ್ಪಗೌಡರು ಊರಿಗೆ ಒಂದು ಏರ್ಪಾಡು ಮಾಡಿದ್ದರು. ಬಡಿಗನಿಗೆ, ಕಂಬಾರನಿಗೆ ಸುಗ್ಗಿಯಲ್ಲಿ ಆಯ ಕೊಡುವಂತೆ ವೈದ್ಯನಿಗೂ ಮನೆಗೆ ನಾಲ್ಕು ಸೇರು ಜೋಳದ ಆಯ ಕೊಡಬೇಕು. ವರ್ಷದಲ್ಲಿ ಯಾರಿಗೆ ಏನೇ ಆಗಲಿ, ವೈದ್ಯ ಬೇರೇನೂ ಕೇಳದೆ ನೋಡಬೇಕು. ರಾಮಲಿಂಗಪ್ಪನೆಂಬ ವೈದ್ಯನನ್ನು ಕರೆತಂದು ಚಾವಡಿಯ ಪಕ್ಕದ ಕೋಣೆಯಲ್ಲಿ ಇರಿಸಿದರು. ಕಡಿಮೆ ಮಾತಿನವನು; ನಾಡಿ ಹಿಡಿದರೆ ತಪ್ಪುತ್ತಿರಲಿಲ್ಲ; ಕುರು ಕೊಯ್ಯುವುದರಲ್ಲಿ ಅವನ ಕೈ ಸುತ್ತಲ ಹತ್ತು ಹಳ್ಳಿಗೆ ಹೆಸರಾಗಿತ್ತು.

ಮೂರನೆಯ ಸುಗ್ಗಿಗೆ ತೊಡಕು ಬಂತು. ಗಟ್ಟಿಮುಟ್ಟಾಗಿದ್ದವರಲ್ಲಿ ಕೆಲವರು ನಮಗೇನಾಗಿದೆ ಎಂದು ಆಯ ನಿಲ್ಲಿಸಿದರು. ಜಡ್ಡಾದವರಂತೂ ಕೆಮ್ಮುತ್ತ ನರಳುತ್ತ ಜೋಳ ತಂದರು. ವೈದ್ಯನ ಕೆಲಸ ಇಮ್ಮಡಿಯಾಯಿತು, ಜೋಳ ಕಡಿಮೆಯಾಯಿತು. ಗೌಡರು ಚಾವಡಿಯಲ್ಲಿ ಸಭೆ ಕೂಡಿಸಿ, ಆಯ ಕೊಡದ ಹನ್ನೆರಡು ಮನೆಗಳ ಹೆಸರು ಓದಿಸಿದರು. ಮೊದಲನೆಯ ಹೆಸರು ಶಟ್ಟೆಪ್ಪನದು.

ನಿಜ ಹೇಳಬೇಕೆಂದರೆ ಶಟ್ಟೆಪ್ಪನಿಗೆ ಆಯದ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಹೆಂಡತಿ ಸೀತವ್ವ ನಾಲ್ಕು ಸೇರು ಜೋಳ ಅಳೆದು, ಗಂಟು ಕಟ್ಟಿ, ಬಾಗಿಲ ಹಿಂದೆ ಇಟ್ಟು ಒಂದು ತಿಂಗಳಾಗಿತ್ತು. ಆ ಗಂಟನ್ನು ದಾಟಿಕೊಂಡೇ ಅವನು ಸಭೆಗೆ ಬಂದಿದ್ದ. ಆದರೆ ಇಡೀ ಊರಿನ ಮುಂದೆ ಎದ್ದು ನಿಂತು ‘ಮರೆತೆ’ ಎನ್ನಲು ಅವನಿಗೆ ನಾಚಿಕೆಯಾಯಿತು.

“ಯಾಕ ಕೊಟ್ಟಿಲ್ಲ ಶಟ್ಟೆಪ್ಪಾ?” ಎಂದು ಗೌಡರು ಕೇಳಿದರು.

“ನಮ್ಮ ಮನ್ಯಾಗ ಮೂರು ತಲಿಮಾರಿನಿಂದ ಯಾರೂ ಔಷಧ ಮುಟ್ಟಿಲ್ರಿ ಗೌಡ್ರ,” ಎಂದ ಶಟ್ಟೆಪ್ಪ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಮಾತು ಚೆನ್ನಾಗಿ ಕೇಳಿಸಿತೆಂದು ಇನ್ನೊಂದನ್ನು ಸೇರಿಸಿದ. “ಜಡ್ಡ ಬರದವಗ ಜಡ್ಡಿನ ಆಯ ಯಾಕ್ರಿ?”

ಹಿಂದೆ ಕುಳಿತಿದ್ದ ಹನ್ನೊಂದು ಮನೆಯವರು ತಲೆ ಎತ್ತಿದರು. ತಮಗೆ ಹೊಳೆಯದಿದ್ದ ಕಾರಣವೊಂದನ್ನು ಈ ಮನುಷ್ಯ ಸಿದ್ಧಮಾಡಿ ಕೈಗೆ ಕೊಟ್ಟಿದ್ದ. “ಖರೆ ಮಾತ” ಎಂದರು ಅವರು, ಒಬ್ಬರಾದ ಮೇಲೆ ಒಬ್ಬರು.

ಗೌಡರ ಮುಖ ಕೆಂಪಾಯಿತು. “ಹಂಗಾರ ತಾಲೂಕಿನ ಮಾಮಲೇದಾರ್ರಿಗೆ ಅರ್ಜಿ ಹಾಕತೇನಿ. ಒಲಿ ಉರಿಯೂ ಮನಿ ಎಲ್ಲಾ ಆಯ ಕೊಡಬೇಕಂತ ಸರಕಾರದಿಂದನ ಕಾಯದೆ ಆಗಲಿ,” ಎಂದು ಎದ್ದು ಹೋದರು.

ಮಾಮಲೇದಾರರು ಹದಿನೈದು ದಿನಕ್ಕೆ ಖುದ್ದಾಗಿ ಬಂದು ವಿಚಾರಿಸುವುದಾಗಿ ಹೇಳಿಕಳಿಸಿದರು. ಏಳನೆಯ ದಿನ ಬೆಳಗ್ಗೆ ಶಟ್ಟೆಪ್ಪನ ಬಲಗಡೆಯ ಕುಂಡಿಯ ಮೇಲೆ ಒಂದು ಕುರು ಎದ್ದಿತು.

ಮೊದಲು ಅದು ಕಡಲೆಕಾಳಿನಷ್ಟಿತ್ತು. ಸಂಜೆಯ ಹೊತ್ತಿಗೆ ಅಡಿಕೆಯಷ್ಟಾಯಿತು. ಮರುದಿನ ಶಟ್ಟೆಪ್ಪ ನಿಂತೇ ರೊಟ್ಟಿ ತಿಂದ.

“ವೈದ್ಯಾರ ಕಡೆ ಹೋಗ್ರಿ. ಒಂದು ಗೀರು ಹಾಕಿದ್ರ ಮುಗೀತು,” ಎಂದಳು ಸೀತವ್ವ.

“ಚಾವಡಿ ಮುಂದಿಂದ ಹೋಗಬೇಕಲ್ಲ. ಇಡೀ ಊರ ನೋಡತೈತಿ.”

“ನೋಡ್ಲಿ.”

“ಮೂರು ತಲಿ ಅಂತ ಹೇಳೇನಿ.”

“ನಿಮ್ಮಪ್ಪ ಸಾಯೂಮುಂದ ಎಷ್ಟ ಕಷಾಯ ಕುಡದ್ರು ಅನ್ನೂದು ನನಗ ಗೊತ್ತೈತಿ. ಕಾಸಿದಾಕಿ ನಾನ.”

ಸೀತವ್ವ ಗೋಡೆಯಾಚೆಯ ಮನೆಯ ಬಾಯವ್ವನಿಂದ ಔಡಲದ ಎಲೆ ತಂದು, ಸುಟ್ಟ ಉಳ್ಳಾಗಡ್ಡಿಯನ್ನು ಅರೆದು ಹಚ್ಚಿ ಕಟ್ಟಿದಳು. ಬಾಯವ್ವ ಒಂಟಿ ಮುದುಕಿ. ಎಲೆ ಯಾಕೆಂದು ಕೇಳದೆ ಕೊಟ್ಟಿದ್ದಳು. ಆಮೇಲೆ ಶಟ್ಟೆಪ್ಪ ಅಂಗಳದಲ್ಲಿ ಕಾಲು ಅಗಲಿಸಿ ಅಡ್ಡಾಡುವುದನ್ನು ಗೋಡೆಯ ಮೇಲಿಂದ ನೋಡಿ, “ತಮ್ಮಾ, ಅದು ಹಣ್ಣಾಗೂತನಾ ಅದರ ಮೇಲ ಹಟ ಮಾಡಬ್ಯಾಡ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಅದೇ ದಿನ ಗೌಡರಿಂದ ಕರೆ ಬಂತು. ಸಿಟ್ಟು ಇಳಿದಿದ್ದ ಗೌಡರು, ಮಾಮಲೇದಾರರು ಬರುವ ಮೊದಲೇ ಮಾತಿನಲ್ಲಿ ಬಗೆಹರಿಸಿಕೊಳ್ಳೋಣವೆಂದು ಜಮಖಾನೆ ಹಾಸಿ, ಎಲೆ ಅಡಿಕೆ ಇಟ್ಟು ಕಾದಿದ್ದರು. ಊರಿನ ನಾಲ್ಕು ಹಿರಿಯರೂ ಇದ್ದರು.

“ಬಾ ಶಟ್ಟೆಪ್ಪಾ, ಕುಂದರ ಬಾ.”

“ಇರ್ಲಿ ಬಿಡ್ರಿ.”

“ಕುಂದರಪಾ. ಮನಿಗೆ ಬಂದಾವಾ ನಿಂತಿರಬಾರ್ದು.”

“ಸದ್ಯಾ ಕುಂದರೂ ಹಂಗಿಲ್ರಿ ಗೌಡ್ರ,” ಎಂದ ಶಟ್ಟೆಪ್ಪ, ಸತ್ಯವನ್ನೇ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌಡರು ಅಡಕತ್ತರಿಯನ್ನು ಕೆಳಗಿಟ್ಟರು. “ಕುಂದರೂ ಹಂಗಿಲ್ಲಾ? ಎಲ್ಲೀತನಾ?”

“ಇದು ಹೋಗೂತನಾ,” ಎಂದ ಶಟ್ಟೆಪ್ಪ. ಅವನ ಕಣ್ಣಲ್ಲಿ ನೀರಿತ್ತು.

‘ಇದು’ ಎಂದರೆ ಯಾವುದು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಹಲವರಿಗೆ ಒಳ್ಳೆಯದಾಗುತ್ತಿತ್ತು. ಕಾಯದೆಯ ಮಾತು ಹೋಗುವ ತನಕ ನೆಲಕ್ಕೆ ಕೂಡುವುದಿಲ್ಲವೆಂದು ಶಟ್ಟೆಪ್ಪ ಆಣೆ ಮಾಡಿದ್ದಾನೆಂಬ ಸುದ್ದಿ ಅವನು ಮನೆ ಮುಟ್ಟುವುದಕ್ಕೆ ಮೊದಲೇ ಅವನ ಓಣಿಯನ್ನು ಮುಟ್ಟಿತ್ತು.

ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಕಟ್ಟೆಯ ಮುಂದೆ ಹನ್ನೊಂದು ಮನೆಯವರು ನಿಂತಿದ್ದರು. “ಕುಂದರ್ರಿ,” ಎಂದಳು ಸೀತವ್ವ. “ಇಲ್ಲವ್ವಾ. ಅಣ್ಣ ಕುಂದರೂತನಾ ನಾವೂ ಕುಂದರೂದಿಲ್ಲ,” ಎಂದರು ಅವರು. ಶಟ್ಟೆಪ್ಪ ಬಾಗಿಲ ಕಂಬ ಹಿಡಿದು ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಎಲ್ಲರೂ ಆರೋಗ್ಯವಂತರು. ನಿಲ್ಲುವುದೆಂದರೆ ಅವರಿಗೆ ಏನೂ ಅಲ್ಲ.

ಸವದತ್ತಿಗೂ ಸುದ್ದಿ ಹೋಯಿತು. ಅಲ್ಲಿ ಕಚೇರಿಯ ಮುಂದೆ ಕುಳಿತು ಜನರಿಗೆ ಅರ್ಜಿ ಬರೆದುಕೊಡುವ ಗಂಗಪ್ಪ ಸೀತವ್ವನ ತಮ್ಮ. ಹದಿನೈದು ವರ್ಷ ಬೇರೆಯವರ ಹೊಲ, ಬೇರೆಯವರ ಬದುವಿನ ಬಗ್ಗೆ ಬರೆದು ಬೇಸತ್ತಿದ್ದ ಆ ಮನುಷ್ಯ, ತನ್ನ ಅಕ್ಕನ ಗಂಡನೇ ಒಂದು ತತ್ವಕ್ಕಾಗಿ ನಿಂತಿದ್ದಾನೆಂದು ಕೇಳಿ ಮಸಿಕುಡಿಕೆ ಸಮೇತ ಬಂದಿಳಿದ.

“ಮಾವಾ, ನೀವು ಇಂಥಾವ್ರು ಅಂತ ನನಗ ಗೊತ್ತಿರಲಿಲ್ಲ,” ಎಂದು ಕಾಲಿಗೆ ಬಿದ್ದ.

“ಗಂಗಪ್ಪಾ, ನಾ ಇಂಥಾವ ಅಲ್ಲೋ,” ಎಂದ ಶಟ್ಟೆಪ್ಪ ದೀನನಾಗಿ. “ನನಗ ಕುರು ಆಗೇತಿ.”

ಗಂಗಪ್ಪ ಬಾಗಿಲು ಮುಚ್ಚಿ ಬಂದ. “ಎಲ್ಲಿ?”

ಶಟ್ಟೆಪ್ಪ ತೋರಿಸಿದ.

“ಆಗ್ಲಿ,” ಎಂದ ಗಂಗಪ್ಪ, ಅರ್ಜಿಯಲ್ಲಿ ಒಂದು ಸಣ್ಣ ದೋಷ ಕಂಡವನಂತೆ. “ಕಾಣೂ ಜಾಗಾ ಅಲ್ಲ. ಮಾಮಲೇದಾರ್ರು ಬಂದು ಹೋಗೂತನಾ ತಡಕೋರಿ. ಈಗ ನೀವು ವೈದ್ಯನ ಕಡೆ ಹೋದ್ರ ಹನ್ನೊಂದು ಮನಿ ಮಾನ ಹೋಗತೈತಿ.”

“ನನ್ನ ಜೀಂವಾ?”

“ಅದಕ್ಕ ಏನಾಗತೈತಿ, ಒಂದು ಕುರುಕ್ಕ?”

ಅಂದಿನಿಂದ ಗಂಗಪ್ಪ ಬಾಗಿಲಲ್ಲಿ ಕುಳಿತ. ಆಣೆ ಮಾಡದೆ ಕುಳಿತವನು ಅವನೊಬ್ಬನೇ. ಶಟ್ಟೆಪ್ಪ ಬೋರಲು ಮಲಗಿದರೆ, ಬೆನ್ನು ನೆಲಕ್ಕೆ ತಾಗಬಾರದೆಂಬ ನೇಮವೂ ಇದೆಯೆಂದು ಬಂದವರಿಗೆ ವಿವರಿಸಿದ. ಅವನು ನರಳಿದರೆ ಜಪವೆಂದ. ಕುರು ಬೆಲ್ಲದ ಉಂಡೆಯಷ್ಟಾಯಿತು, ಜ್ವರ ಬಂತು. ಸೀತವ್ವ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದಳು, ತಮ್ಮನನ್ನು ಬೈದಳು, ಕಡೆಗೆ ಮಾತು ಬಿಟ್ಟಳು.

ಐದನೆಯ ದಿನ ವೈದ್ಯ ರಾಮಲಿಂಗಪ್ಪ ತಾನೇ ಬಂದ. ಶಟ್ಟೆಪ್ಪ ಹಿತ್ತಲಿಗೆ ಹೋಗುವುದನ್ನು ದೂರದಿಂದ ನೋಡಿದ್ದನಂತೆ.

“ನಡಿಗಿ ನೋಡಿದ್ರ ಗೊತ್ತಾಗತೈತಿ,” ಎಂದ ಮೆಲ್ಲಗೆ. “ಒಳಗ ನಡಿ. ಚಾಕು ತಂದೇನಿ. ಯಾರಿಗೂ ಹೇಳೂದಿಲ್ಲ.”

ಶಟ್ಟೆಪ್ಪ ಒಳಗೆ ತಿರುಗಿಯೇಬಿಟ್ಟಿದ್ದ. ಅಷ್ಟರಲ್ಲಿ ಗಂಗಪ್ಪ ಅಂಗಳಕ್ಕೆ ಕೇಳುವಂತೆ, “ನೋಡ್ರಿ, ಗೌಡರ ಕಡೆಯಿಂದ ರಾಜಿಗೆ ಬಂದಾರ. ನಮ್ಮ ಮಾವ ಜಗ್ಗೂದಿಲ್ಲ,” ಎಂದ. ನಿಂತಿದ್ದ ಹನ್ನೊಂದು ಜನ ಬಾಗಿಲಿಗೆ ಬಂದು ಇಣುಕಿದರು. ಇಪ್ಪತ್ತೆರಡು ಕಣ್ಣುಗಳ ಎದುರು ಶಟ್ಟೆಪ್ಪನ ಬಾಯಿಂದ, “ನನಗೇನೂ ಆಗಿಲ್ರಿ ವೈದ್ಯಾರ,” ಎಂಬ ಮಾತು ಬಂತು.

ವೈದ್ಯ ಅವನ ಕಿವಿಯ ಹತ್ತಿರ ಬಾಗಿದ. “ಕೆಂಪ ಗೆರಿ ಸೊಂಟಕ್ಕ ಏರಿದ್ರ ಆಮ್ಯಾಲೆ ನನ್ನ ಕೈಯಾಗ ಇರೂದಿಲ್ಲ,” ಎಂದು ಹೇಳಿ ಹೋದ. ಮಾತು ಕೊಟ್ಟಂತೆ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಶಟ್ಟೆಪ್ಪ ಅವನ ಪಾದ ಮುಟ್ಟುತ್ತಿದ್ದ.

ಎಂಟನೆಯ ದಿನ ಮಾಮಲೇದಾರರು ಬಂದರು. ಚಳವಳಿಯ ಗಾಳಿ ಎದ್ದಿದ್ದ ಆ ವರ್ಷಗಳಲ್ಲಿ ನಾಲ್ಕು ಜನ ಕೂಡಿ ನಿಂತರೂ ಸರಕಾರಿ ಮಂದಿಗೆ ಕಳವಳ. ಇಲ್ಲಿ ಹನ್ನೆರಡು ಜನ ವಾರದಿಂದ ನಿಂತಿದ್ದಾರೆಂದು ಕೇಳಿ ಅವರು ದಾರಿಯಲ್ಲಿ ಎರಡು ಸಲ ನೀರು ಕುಡಿದಿದ್ದರು. ಚಾವಡಿಯಲ್ಲಿ ಖುರ್ಚಿ ಹಾಕಿತ್ತು, ಎದುರಿಗೆ ಜನ ಕೂಡುವ ಹಲಗೆಯ ಬಾಕು.

ಗೌಡರು ತಮ್ಮ ಮಾತು ಹೇಳಿದರು. “ರಾವಸಾಹೇಬ್ರ, ಮನಿಗೆ ಬೆಂಕಿ ಬಿದ್ದ ಮ್ಯಾಲೆ ಭಾಂವಿ ತೋಡಾಕ ಆಗೂದಿಲ್ಲ. ಗಟ್ಟಿ ಇದ್ದಾಗ ಎಲ್ಲಾರೂ ಕೊಟ್ರ ಜಡ್ಡಾದಾಗ ಒಬ್ಬರಾದ್ರೂ ಉಳೀತಾರ. ಜಡ್ಡಾದಾವ್ರಷ್ಟ ಕೊಡೂದಂದ್ರ ಆ ವೈದ್ಯ ಏನ ತಿನಬೇಕು? ಆತ ಹೋದ್ರ ಇಲ್ಲಿ ಮತ್ತ ಯಾರು ಬರತಾರ? ಪ್ಲೇಗಿನಾಗ ನಾನು ಇಬ್ಬರು ಮಕ್ಕಳನ್ನ ಮಣ್ಣ ಮಾಡೇನ್ರಿ. ಅದಕ್ಕ ಕೇಳಾಕ ಹತ್ತೇನಿ.”

ಜ್ವರದಲ್ಲಿ ತೂಗಾಡುತ್ತ ನಿಂತಿದ್ದ ಶಟ್ಟೆಪ್ಪನಿಗೆ, ತನ್ನ ಜೀವಮಾನದಲ್ಲಿ ಇಷ್ಟು ಸರಿಯಾದ ಮಾತನ್ನು ಕೇಳಿಲ್ಲ ಎನಿಸಿತು. ಆ ಊರಿನಲ್ಲಿ ವೈದ್ಯನ ಬೆಲೆ ಅಂದು ಅವನಷ್ಟು ತಿಳಿದವರು ಬೇರಾರೂ ಇರಲಿಲ್ಲ.

“ನೀವು ಏನಂತೀರಿ?” ಮಾಮಲೇದಾರರು ಅವನತ್ತ ತಿರುಗಿದರು. “ಮೊದಲ ಕುಂದರ್ರಿ. ಇಲ್ಲಿ ನಿಮಗ ಯಾರೂ ಒತ್ತಾಯ ಮಾಡೂದಿಲ್ಲ.”

“ಗೌಡರ ಮಾತು ಖರೆ ಐತ್ರಿ,” ಎಂದ ಶಟ್ಟೆಪ್ಪ. “ನಾ ಜೋಳಾ ಕೊಡತೇನ್ರಿ. ಎಂಟ ಸೇರ ಕೊಡತೇನಿ.”

ಗಂಗಪ್ಪ ಥಟ್ಟನೆ ಮುಂದೆ ಬಂದ. “ಸಾಹೇಬ್ರ, ನಮ್ಮ ಮಾವನ ದೊಡ್ಡ ಮನಸ ನೋಡ್ರಿ. ಖುಷಿಲೆ ಕೇಳಿದ್ರ ಎಂಟ ಸೇರ ಕೊಡತಾನ. ಕಾಯದೆಲೆ ಕೇಳಿದ್ರ ಒಂದು ಕಾಳೂ ಇಲ್ಲ. ಅವನ ತಕರಾರು ಇರೂದ ಒತ್ತಾಯದ ಮ್ಯಾಲೆ.”

ಶಟ್ಟೆಪ್ಪ ಅಲ್ಲವೆಂದು ತಲೆಯಾಡಿಸಿದ. ಆದರೆ ಆ ಹೊತ್ತಿಗೆ ಅವನ ತಲೆ ಎಲ್ಲ ದಿಕ್ಕಿಗೂ ಆಡುತ್ತಿತ್ತು. ಕಣ್ಣೀರು ಮೀಸೆಗೆ ಇಳಿಯಿತು. ಎಂಟು ದಿನ ನಿಂತು, ಎದುರಾಳಿಯ ಮಾತನ್ನೂ ಒಪ್ಪಿ, ಅಳುತ್ತಿರುವ ಇಂಥವನನ್ನು ಮಾಮಲೇದಾರರು ತಮ್ಮ ಚಾಕರಿಯಲ್ಲಿ ಕಂಡಿರಲಿಲ್ಲ. ಕಾರಕೂನನನ್ನು ಕರೆದು ಹೇಳಿ ಬರೆಸಿದರು: ಬಾರದ ಬೇನೆಗೆ ಮೊದಲೇ ಧಾನ್ಯ ಕೊಡೆಂದು ರೈತನನ್ನು ಹಿಡಿಯಲು ಸರಕಾರದಲ್ಲಿ ಕಾಯದೆ ಇಲ್ಲ, ಇಷ್ಟವಿದ್ದವರು ಕೊಡಬಹುದು, ಒತ್ತಾಯ ಕೂಡದು.

“ಆತಿಲ್ಲೋ? ಇನ್ನ ಕುಂದರ್ರಿ,” ಎಂದರು ನಗುತ್ತ.

“ಇನ್ನ ಕುಂದರಣ್ಣಾ,” ಎಂದು ಹನ್ನೊಂದು ಮನೆಯವರು ಸುತ್ತ ಬಂದರು. ಶಟ್ಟೆಪ್ಪ ಕೈ ಮುಗಿದ. ಅದನ್ನು ಅವರು ವಿನಯವೆಂದು ತಿಳಿದರು. ಇಬ್ಬರು ಹೆಗಲು ಹಿಡಿದರು, ಒಬ್ಬ ಮೊಣಕಾಲು ಮಡಿಸಿದ, ಎಲ್ಲರೂ ಸೇರಿ ಪ್ರೀತಿಯಿಂದ ಅವನನ್ನು ಬಾಕಿನ ಮೇಲೆ ಕೂಡಿಸಿದರು.

ಆಗ ಬಂದ ಕೂಗಿಗೆ ಹೊರಗೆ ಕಟ್ಟಿದ್ದ ಮಾಮಲೇದಾರರ ಕುದುರೆ ಹಗ್ಗ ಹರಿದುಕೊಂಡಿತು. ಶಟ್ಟೆಪ್ಪ ಎಚ್ಚರ ತಪ್ಪಿ ಪಕ್ಕಕ್ಕೆ ಉರುಳಿದ.

“ವೈದ್ಯನ್ನ ಕರೀರಿ,” ಎಂದರು ಮಾಮಲೇದಾರರು ಗಾಬರಿಯಾಗಿ.

“ಬ್ಯಾಡ್ರಿ ಸಾಹೇಬ್ರ,” ಎಂದ ಹನ್ನೊಂದರಲ್ಲೊಬ್ಬ. “ಮೂರು ತಲಿಯಿಂದ ಅವರ ಮನ್ಯಾಗ ಯಾರೂ ಔಷಧ ಮುಟ್ಟಿಲ್ಲ. ಎಚ್ಚರಿಲ್ಲದಾಗ ನಾವು ಆ ನೇಮ ಕೆಡಸಬಾರ್ದು.” ತಲೆಗೆ ತಣ್ಣೀರು ಹಾಕಿ ಮನೆಗೆ ಹೊತ್ತೊಯ್ದರು.

ಒತ್ತಾಯ ಕೂಡದೆಂಬ ಮಾತು ಊರಿಗೆ ತಿಳಿಯಲು ಒಂದು ದಿನ ಸಾಕಾಯಿತು. ಹನ್ನೆರಡು ಮನೆ ಇದ್ದದ್ದು ಮೂವತ್ತಾಯಿತು, ಐವತ್ತಾಯಿತು. ಈ ಸುಗ್ಗಿಯ ಆಯ ಕೊಟ್ಟವರೂ ಬಂದು, “ನಮಗೂ ಏನೂ ಆಗಿಲ್ಲಲ್ರಿ,” ಎಂದು ವೈದ್ಯನ ಬಾಗಿಲಲ್ಲಿ ನಿಂತು ಜೋಳ ತಿರುಗಿ ಕೇಳಿದರು. ರಾಮಲಿಂಗಪ್ಪ ಕೇಳಿದವರಿಗೆಲ್ಲ ಅಳೆದು ಕೊಟ್ಟ. ಮರುದಿನ ಬೆಳಗ್ಗೆ ಔಷಧದ ಗಂಟು ಬಂಡಿಗೆ ಹಾಕಿ ಮುನವಳ್ಳಿಯ ದಾರಿ ಹಿಡಿದ. ಅಲ್ಲಿಯವರು ಎರಡು ವರ್ಷದಿಂದ ಕರೆಯುತ್ತಿದ್ದರು.

ಸುದ್ದಿ ಕೇಳಿದ ಸೀತವ್ವ ತಮ್ಮನನ್ನು ಕೇಳಲಿಲ್ಲ. ಗಂಡನನ್ನು ಬಂಡಿಯಲ್ಲಿ ಬೋರಲು ಮಲಗಿಸಿ, ಮೇಲೆ ಯಾರಿಗೂ ಕಾಣದಂತೆ ಜೋಳದ ಕಣಿಕೆ ಹೊದಿಸಿ, ತಾನೇ ಎತ್ತು ಹೊಡೆದಳು. ಮೂರು ಹರದಾರಿ ಹೋದ ಮೇಲೆ ವೈದ್ಯನ ಬಂಡಿ ಸಿಕ್ಕಿತು. ಅವನು ಇಳಿದು, ಹುಣಸೆಮರದ ಕೆಳಗೆ ಚಾಕು ಕಾಸಿ, ಒಂದು ಗೀರು ಹಾಕಿದ. ಒಂದು ಬೋಗುಣಿಯಷ್ಟು ಕೀವು ಹೋಯಿತು. ಶಟ್ಟೆಪ್ಪನಿಗೆ ಲೋಕ ಕಾಣಿಸಿತು.

“ಗೆರಿ ಇನ್ನ ಎರಡು ಬೆರಳು ಏರಿದ್ರ ನೀ ಇರತಿರಲಿಲ್ಲ,” ಎಂದ ವೈದ್ಯ, ಕೈ ತೊಳೆಯುತ್ತ.

“ಹೊಳ್ಳಿ ಬರ್ರಿ ವೈದ್ಯಾರ. ನಾ ಎಲ್ಲಾರಿಗೂ ಹೇಳತೇನಿ.”

“ಒತ್ತಾಯ ಕೂಡದು ಅಂತ ಬರದಾರಲ್ಲ ಶಟ್ಟೆಪ್ಪಾ. ಅದು ನನಗೂ ಲಾಗೂ ಆಗತೈತಿ.”

ಹತ್ತು ದಿನಕ್ಕೆ ಗಾಯ ಮಾಯಿತು. ಹನ್ನೊಂದನೆಯ ದಿನ ಶಟ್ಟೆಪ್ಪ ಚಾವಡಿಗೆ ಹೋಗಿ, ಕೂಡಿದ ಜನರ ಮುಂದೆ ಎಲ್ಲವನ್ನೂ ಹೇಳಿದ. ಆಣೆ ಇರಲಿಲ್ಲ, ಕುರು ಇತ್ತು. ವೈದ್ಯನೇ ಬದುಕಿಸಿದ. ಎಲ್ಲರೂ ಆಯ ಕೊಟ್ಟು ಅವನನ್ನು ಕರೆತರೋಣ. ಜನ ಗೌರವದಿಂದ ಕೇಳಿದರು.

“ನೋಡ್ರಿ, ಇಷ್ಟ ದೊಡ್ಡ ಕೆಲಸಾ ಮಾಡಿ, ಕುರು ಅಂತ ಹೇಳಾಕ ಹತ್ತ್ಯಾನ,” ಎಂದ ಒಬ್ಬ. “ಸೊಕ್ಕ ಅನ್ನೂದ ಇಲ್ಲ,” ಎಂದ ಇನ್ನೊಬ್ಬ. ಶಟ್ಟೆಪ್ಪ ಗಾಯದ ಕಲೆ ತೋರಿಸುತ್ತೇನೆಂದು ಧೋತರಕ್ಕೆ ಕೈ ಹಾಕಿದ. ಹಿರಿಯರು ಅವನ ಕೈ ಹಿಡಿದು, ನಿಮ್ಮಂಥವರು ಅಷ್ಟಕ್ಕೆ ಇಳಿಯಬಾರದೆಂದು ತಡೆದರು.

ನಂಬಿದವರು ಶಂಕ್ರೆಪ್ಪಗೌಡರೊಬ್ಬರೇ. ಅವರು ಮೂಲೆಯಲ್ಲಿ ಕುಳಿತು ಪೂರ್ತಿ ಕೇಳಿ, “ಮತ್ತ ಮೊದಲನೇ ಸಭಾದಾಗ? ಆಗ ಕುರು ಇರಲಿಲ್ಲಲ್ಲ,” ಎಂದರು.

“ಆಗ ಮರತಿದ್ನಿರಿ,” ಎಂದ ಶಟ್ಟೆಪ್ಪ.

ಗೌಡರು ಕೋಲು ಊರಿಕೊಂಡು ಎದ್ದು ಮನೆಗೆ ಹೋದರು.

ಮುಂದಿನ ವಾರ ಬಾಯವ್ವನಿಗೆ ಜ್ವರ ಬಂತು. ಮೊದಲ ದಿನ ಅವಳು ತಾನೇ ಏನೋ ಕುದಿಸಿ ಕುಡಿದಳು. ಎರಡನೆಯ ದಿನ ಎದ್ದು ಬಾಗಿಲು ತೆರೆಯಲಿಲ್ಲ. ಸೀತವ್ವ ಒಳಗೆ ಹೋಗಿ ನೋಡಿದಾಗ ಮುದುಕಿಯ ಮೈ ಕಾದ ಹಂಚಾಗಿತ್ತು. ವೈದ್ಯನ ಕೋಣೆಗೆ ಬೀಗ. ಬಾಯವ್ವನಿಗೆ ತನ್ನವರೆನ್ನುವವರು ಇರಲಿಲ್ಲ. ಅವಳ ಮನೆಯ ಮೂಲೆಯಲ್ಲಿ, ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ ನಾಲ್ಕು ಸೇರು ಜೋಳವಿತ್ತು. ಅದು ಮುಂದಿನ ಸುಗ್ಗಿಯ ಆಯ, ಈಗಲೇ ಆರಿಸಿ ಇಟ್ಟದ್ದು. ಮೂರು ಸುಗ್ಗಿಯಲ್ಲೂ ತಪ್ಪದೆ ಕೊಟ್ಟಿದ್ದಳು. ಒಂದು ಸಲವೂ ವೈದ್ಯನ ಬಾಗಿಲಿಗೆ ಹೋಗಿರಲಿಲ್ಲ. ತಿರುಗಿ ಕೇಳಲೂ ಹೋಗಿರಲಿಲ್ಲ.

ಶಟ್ಟೆಪ್ಪ ಬಂಡಿ ಹೂಡಿದ. ಸೀತವ್ವ ಮುದುಕಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಅರ್ಧ ದಾರಿಯವರೆಗೆ ಬಾಯವ್ವ ನೀರು ಕೇಳುತ್ತಿದ್ದಳು. “ತಮ್ಮಾ, ನಿಂದು ಈಗ ಹೆಂಗೈತಿ?” ಎಂದು ಒಮ್ಮೆ ಕೇಳಿದಳು. “ಆರಾಮ ಐತಿ ಆಯಿ,” ಎಂದ ಅವನು, ಹಿಂದೆ ನೋಡದೆ. ಆಮೇಲೆ ಅವಳು ಏನೂ ಕೇಳಲಿಲ್ಲ.

ಮುನವಳ್ಳಿಯ ಕೋಟೆಯ ಗೋಡೆ ಕಂಡಾಗ ಸೀತವ್ವ, “ರೀ, ಬಂಡಿ ನಿಂದರಸ್ರಿ,” ಎಂದಳು.

ಅವನು ನಿಲ್ಲಿಸಲಿಲ್ಲ.

“ಮೈ ತಣ್ಣಗಾತ್ರಿ. ಹೊಳ್ಳಿ ಹೋಗೂಣು.”

“ಇಷ್ಟ ದೂರ ಬಂದೇವಿ,” ಎಂದ ಶಟ್ಟೆಪ್ಪ. “ಮೂರು ವರ್ಷ ಕೊಟ್ಟಾಳ. ಒಮ್ಮೆ ಆದ್ರೂ ವೈದ್ಯಾರು ಕೈ ಹಿಡದ ನೋಡಲಿ.”

ವೈದ್ಯನ ಹೊಸ ಮನೆಯ ಕಟ್ಟೆಯ ಮೇಲೆ ಆ ಊರಿನ ಹತ್ತು ಹನ್ನೆರಡು ಜನ ಕುಳಿತಿದ್ದರು. ಬಂಡಿ ಬಂದದ್ದನ್ನು ನೋಡಿ ರಾಮಲಿಂಗಪ್ಪ ಕೆಳಗಿಳಿದು ಬಂದ. ಮುದುಕಿಯ ಮುಖ, ಸೀತವ್ವನ ಮುಖ, ಶಟ್ಟೆಪ್ಪನ ಮುಖ ನೋಡಿದ. ಅವನಿಗೆ ತಿಳಿಯಿತು. ಆದರೂ ಅವಳ ಕೈಯನ್ನು ಎತ್ತಿಕೊಂಡು, ನಾಡಿಯ ಮೇಲೆ ಮೂರು ಬೆರಳಿಟ್ಟು, ಕಣ್ಣು ಮುಚ್ಚಿ, ಬದುಕಿದ್ದವರಿಗೆ ಎಷ್ಟು ಹೊತ್ತು ನಿಲ್ಲುತ್ತಾನೋ ಅಷ್ಟೇ ಹೊತ್ತು ನಿಂತ. ಆಮೇಲೆ ಕೈಯನ್ನು ಅವಳ ಎದೆಯ ಮೇಲೆ ಇಟ್ಟು, ಸೆರಗು ಸರಿಮಾಡಿ, ಕಟ್ಟೆಯ ಮೇಲೆ ಕಾಯುತ್ತಿದ್ದ ಮುಂದಿನವರನ್ನು ಕರೆದ.